ಅಣ್ಣನ ಕಾರ್ಡು, ತಮ್ಮನ ಉಸಿರು

ಎದೆ ಡಾಕ್ಟರ ಬಾಗಿಲಲ್ಲಿ ಕೂತಿದ್ದ ದೊಡ್ಡವನಿಗೆ ತನ್ನ ರೋಗಕ್ಕಿಂತ ಫೈಲಿನದೇ ಹೆಚ್ಚು ಹೆದರಿಕೆ. ಇಪ್ಪತ್ತೆರಡು ವರ್ಷ ಉಕ್ಕಿನ ಟ್ಯಾಂಕುಗಳ ಹೊಟ್ಟೆಯೊಳಗೆ ಕೂತು ವೆಲ್ಡಿಂಗ್ ಮಾಡಿದವನು ಅವನು. ಒಳಗಿನ ಹೊಗೆ ಹೊರಬರಲು ಇದ್ದದ್ದು ಒಬ್ಬ ಮನುಷ್ಯ ನುಸುಳುವಷ್ಟು ತೂತು. ಹೊಗೆ ಎಳೆಯುವ ಫ್ಯಾನು ರಿಪೇರಿಗೆ ಹೋದದ್ದು ಹೋಯಿತು, ತವರಿಗೆ ಹೋದ ಮುನಿಸಿನ ಹೆಂಡತಿಯಾದರೂ ಅಷ್ಟು ದಿನ ಇರುತ್ತಿರಲಿಲ್ಲ. ಈಗ ಎಂಟು ಮೆಟ್ಟಿಲು ಹತ್ತಿದರೆ ಏದುಸಿರು. ಈ ವರ್ಷದ ಹೊಸ ನಿಯಮದಂತೆ ಡಾಕ್ಟರು ಚೀಟಿ ಬರೆದುಕೊಟ್ಟರೆ ಸಾಮಾನು ಕೋಣೆಯಲ್ಲಿ ಕೂರುವ ಕೆಲಸ ಸಿಗುತ್ತಿತ್ತು. ಇಲ್ಲದಿದ್ದರೆ ಟ್ಯಾಂಕೇ ಗತಿ.

ಫೈಲು ಸುಳ್ಳಿನದು. ವರ್ಷಕ್ಕೊಮ್ಮೆ ಕಾರ್ಖಾನೆಗೆ ಉಸಿರು ಅಳೆಯುವ ವ್ಯಾನು ಬರುತ್ತಿತ್ತು. ಗೆರೆ ಮುಟ್ಟುವಂತೆ ಊದಲಾರದವನಿಗೆ ಮನೆಯ ದಾರಿ. ಐದು ವರ್ಷದ ಹಿಂದೆ ದೊಡ್ಡವನ ಎದೆ ಗೊರಗುಟ್ಟಲು ಶುರುವಾದಾಗ, ಹೊರಗಿನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ತಮ್ಮ, "ನಿನ್ ಕಾರ್ಡು ಕೊಡಣ್ಣ, ನಾನು ಊದಿ ಬರ್ತೀನಿ" ಅಂದಿದ್ದ. ತನ್ನ ಕಾರ್ಡಿಗೊಮ್ಮೆ ಊದಿ, ಟೋಪಿ ಬದಲಿಸಿ, ಅಣ್ಣನ ಕಾರ್ಡಿಗೊಮ್ಮೆ ಊದಿದ. ವ್ಯಾನಿನವನಿಗೆ ಮಸಿ ಮೆತ್ತಿದ ಮುಖಗಳೆಲ್ಲ ಒಂದೇ. ಅಲ್ಲಿಂದ ಪ್ರತಿವರ್ಷವೂ ಇದೇ ಆಟ. ಮಾಸ್ಕಿಗೆಂದು ತಿಂಗಳಿಗೆ ಒಂದೇ ಜೊತೆ ಫಿಲ್ಟರು ಕೊಡುತ್ತಿದ್ದರು. ಟ್ಯಾಂಕಿನಲ್ಲಿ ಅದು ಹತ್ತು ದಿನಕ್ಕೆ ಕಪ್ಪಾಗುತ್ತಿತ್ತು. "ನನ್ ಕಡೆ ಗಾಳಿ ಆಡುತ್ತೆ, ನಂದೂ ನೀನೇ ಇಟ್ಕೋ" ಎಂದು ತಮ್ಮ ತನ್ನ ಜೊತೆಯನ್ನೂ ಕೊಟ್ಟುಬಿಡುತ್ತಿದ್ದ. ದೊಡ್ಡವನು ಎರಡನೇ ಮಾತಿಲ್ಲದೆ ಇಸಕೊಳ್ಳುತ್ತಿದ್ದ.

ಡಾಕ್ಟರಮ್ಮ ಅವನಿಂದ ಮೂರು ಸಲ ಊದಿಸಿ, ಫೈಲು ತೆರೆದರು. ಐದೂ ವರ್ಷ ಗಟ್ಟಿಮುಟ್ಟು ಎಂದಿರುತ್ತದೆ, ನಾಟಕ ಆಡ್ತೀಯಾ ಎಂದು ಬೈಸಿಕೊಳ್ಳಬೇಕು ಎಂದು ಅವನು ತಲೆ ತಗ್ಗಿಸಿದ್ದ.

"ಇದೆಲ್ಲ ಇವತ್ತಿನದಕ್ಕೆ ಸರಿಯಾಗೇ ತಾಳೆ ಆಗುತ್ತಲ್ಲ" ಎಂದರು ಅವರು. "ಮೊದಲ ವರ್ಷ ಚೆನ್ನಾಗಿದೆ. ಆಮೇಲೆ ಪ್ರತಿವರ್ಷ ಇಳೀತಾ ಬಂದಿದೆ. ಹೋದ ವರ್ಷ ಗೆರೆಗಿಂತ ಕೂದಲೆಳೆ ಮೇಲೆ. ಅಷ್ಟೊತ್ತಿಗೇ ಹೊಗೆಯಿಂದ ದೂರ ಇರಬೇಕಿತ್ತು ನೀವು."

ದೊಡ್ಡವನು ಫೈಲಿನತ್ತ ಬಗ್ಗಿ ನೋಡಿದ. ಆ ಹಾಳೆಗಳಲ್ಲಿ ಅವನದು ಒಂದು ಉಸಿರೂ ಇರಲಿಲ್ಲ.

"ಹೋದದ್ದು ವಾಪಸ್ ಬರುತ್ತಾ, ಅಮ್ಮ?"

"ಇಲ್ಲ. ಉಳಿದಿರೋದನ್ನ ಕಾಪಾಡ್ಕೋಬೇಕು." ಅವರು ಚೀಟಿ ಬರೆದುಕೊಟ್ಟರು.

ಸಂಜೆ ಮನೆಯ ಮೆಟ್ಟಿಲ ಮೇಲೆ ತಮ್ಮ ಕೂತು ಮಾಸ್ಕು ಒರೆಸುತ್ತಿದ್ದ. ಅವನಿಗೆ ಇನ್ನೂ ಮೂವತ್ತೆರಡು. ದೊಡ್ಡವನು ಪಕ್ಕದಲ್ಲಿ ಕುಸಿದು ಕೂತು ಫೈಲಿನ ವಿಷಯ ಹೇಳಿದ.

"ಗೊತ್ತು" ಎಂದ ತಮ್ಮ. "ಊದಿದವನು ನಾನೇ ಅಲ್ವಾ. ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ಕಾಣ್ತಿತ್ತು."

"ಯಾಕೋ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ಫಿಲ್ಟರು ಇಸ್ಕೋತಿದ್ಯಾ? ಅದಿರಲಿ, ಚೀಟಿ ಸಿಕ್ತಾ?"

"ಸಿಕ್ತು."

"ಸದ್ಯ. ನಿನಗೆ ಚೀಟಿ ಸಿಕ್ಕರೆ ನಾಳೆಯಿಂದ ನಿನ್ ಟ್ಯಾಂಕಿಗೆ ನಾನಂತೆ. ಮಧ್ಯಾಹ್ನವೇ ಮೇಸ್ತ್ರಿ ಹೇಳಿದ. ಆಗಲ್ಲ ಅಂದ್ರೆ ಮನೆಗೆ ಹೋಗು ಅಂದ."

ದೊಡ್ಡವನು ಜೇಬಿನಿಂದ ಚೀಟಿ ತೆಗೆದು ಹರಿಯಲು ಹೊರಟ. ತಮ್ಮ ಅವನ ಮಣಿಕಟ್ಟು ಹಿಡಿದ.

"ಹರಿದು ಏನ್ ಮಾಡ್ತೀಯಾ? ಹೆಚ್ಚಂದ್ರೆ ಇನ್ನು ಆರು ತಿಂಗಳು ನೀನು ಟ್ಯಾಂಕೊಳಗೆ ಕೂರ್ತೀಯ. ನೀನು ಬಿದ್ದ ಮೇಲೆ ಅಲ್ಲಿಗೆ ನಾನೇ ಅಲ್ವಾ?"

ಚೀಟಿ ಮತ್ತೆ ಜೇಬು ಸೇರಿತು. ದೊಡ್ಡವನು ಒಳಗೆ ಹೋಗಿ ತನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದೇ ಒಂದು ಹೊಸ ಜೊತೆ ಫಿಲ್ಟರು ತಂದ. ಅದೂ ತಮ್ಮನೇ ಕೊಟ್ಟದ್ದು. ಅವನ ಮಾಸ್ಕಿಗೆ ತಾನೇ ತಿರುಗಿಸಿ ಕೂರಿಸಿ, ಪಟ್ಟಿ ಬಿಗಿದು, ಚಿಕ್ಕಂದಿನಲ್ಲಿ ಅಂಗಿಯ ಗುಂಡಿ ಹಾಕಿದ ಹಾಗೆ ಗಲ್ಲದ ಕೆಳಗೆ ಬೆರಳಾಡಿಸಿ ನೋಡಿದ. ಹತ್ತು ದಿನಕ್ಕೆ ಸಾಕು.

ತಮ್ಮ ಎರಡು ಸಲ ಉಸಿರೆಳೆದು, ಮಾಸ್ಕು ಹಣೆಗೇರಿಸಿ ನಕ್ಕ.

"ಮುಂದಿನ ವರ್ಷ ವ್ಯಾನು ಬಂದಾಗ ನನ್ ಕಾರ್ಡು ಯಾರ ಕೈಗೆ ಕೊಡೋಣ, ಅಣ್ಣ?"

ನನಗೆ ಕೊಡು ಎನ್ನಲು ದೊಡ್ಡವನು ಬಾಯಿ ತೆರೆದ. ಅಷ್ಟು ಹೇಳಲೂ ಅವನಿಗೆ ಉಸಿರು ಸಾಲಲಿಲ್ಲ.