ಅತ್ತೆಯ ಸಾವಿಗೆ ಐದು ದಿನ ರಜೆ

ಇದು ಹಣ್ಣಾಗಿದೆ, ಇದು ಇಲ್ಲ, ಇದೂ ಇಲ್ಲ, ಇದು ಆಗಿದೆ — ಕಿಟಕಿಯ ಬೆಳಕಿಗೆ ಹಿಡಿದರೆ ಹುಳುವಿನ ಮೈಯೊಳಗಿಂದ ಬೆಳಕು ಹಾಯಬೇಕು, ಮಾಗಿದ ದ್ರಾಕ್ಷಿಯ ಹಾಗೆ, ಆಗ ಅದು ಹಣ್ಣು ಹುಳು, ಇನ್ನು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಗಾಳಿಯಲ್ಲಿ ಅತ್ತ ಇತ್ತ ತೂಗುತ್ತದೆ, ಮೊದಲ ಎಳೆಯನ್ನು ಎಲ್ಲಿ ಅಂಟಿಸಲಿ ಎಂದು ಜಾಗ ಹುಡುಕುತ್ತದೆ, ಆ ಹೊತ್ತಿಗೆ ಎತ್ತಿ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಗೂಡು, ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ನೂಲು ಸುರಿದುಕೊಂಡು ಕೆಟ್ಟುಹೋಗುತ್ತದೆ, ತಿಂಗಳಿಡೀ ಪಟ್ಟ ಪಾಡು ಒಂದು ಹಗಲಲ್ಲಿ ಮಣ್ಣುಪಾಲು — ಇದು ಆಗಿದೆ, ಇದು ಆಗಿದೆ, ಅಬ್ಬಾ ಈ ತಟ್ಟೆಯಲ್ಲಿ ಎಲ್ಲವೂ ಒಟ್ಟಿಗೆ ತಲೆ ಎತ್ತಿವೆ, ನಾಳೆ ಅಂದುಕೊಂಡಿದ್ದೆವು, ಬಿಸಿಲು ಜೋರಾಗಿ ಒಂದು ದಿನ ಮುಂಚೆಯೇ ಬಂದುಬಿಟ್ಟವು, ಪಕ್ಕದಲ್ಲಿ ನಮ್ಮತ್ತೆ ಸಿದ್ದಮ್ಮ ಚಕ್ಕಳಮಕ್ಕಳ ಹಾಕಿ ಕೂತು ನನಗಿಂತ ಬೇಗ ಎತ್ತುತ್ತಿದ್ದಾರೆ, ಹುಳುಮನೆಯೊಳಗೆ ಹೊಗೆಸೊಪ್ಪು ಹಾಕುವ ಹಾಗಿಲ್ಲ, ಅದಕ್ಕೇ ಬಾಯಿ ಸುಮ್ಮನಿರುತ್ತಿಲ್ಲ, ಆ ಕಡೆ ತಟ್ಟೆ ನೋಡಮ್ಮಿ, ಕಣ್ಣೆಲ್ಲಿ ಮಡ್ಗಿದ್ದೀಯಾ, ಅನ್ನುತ್ತಿದ್ದಾರೆ, ಗುಂಡುಕಲ್ಲಿನ ಹಾಗಿದ್ದಾರೆ, ಬೆಳಿಗ್ಗೆ ಎರಡು ಮುದ್ದೆ ಉಂಡಿದ್ದಾರೆ, ಆ ಅತ್ತೆಯನ್ನು ನಾನು ಬಸ್ಸಿನ ಹೊತ್ತಿಗೆ ಫೋನಿನಲ್ಲಿ ಸಾಯಿಸಿದ್ದೇನೆ.

ಬೇಕೆಂದು ಹೇಳಿದ್ದಲ್ಲ ಅಂದರೆ ಯಾರು ನಂಬುತ್ತಾರೆ, ಬೇಕೆಂದೇ ಹೇಳಿದ್ದು, ನನಗೆ ನಾನೇ ಯಾಕೆ ಸುಳ್ಳು ಹೇಳಿಕೊಳ್ಳಲಿ — ಗಾರ್ಮೆಂಟ್ಸ್ ಬಸ್ಸು ಅರಳಿಕಟ್ಟೆ ಹತ್ತಿರ ನಿಂತು ಹಾರ್ನ್ ಹೊಡೆಯುತ್ತಿತ್ತು, ನಾನು ಹುಳುಮನೆ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದೆ, ಮೊದಲ ಹುಳು ತಲೆ ಎತ್ತಿದ್ದು ಆಗಲೇ ಕಂಡದ್ದು, ಗಂಡ ಅಶ್ವಥ್ ಬಾಡಿಗೆ ಚಂದ್ರಿಕೆ ತರಲು ಸಾತನೂರಿಗೆ ಹೋಗಿಯಾಗಿತ್ತು, ನನ್ನ ರಜೆಯೆಲ್ಲ ಮಗಳು ರಮ್ಯಾಳ ಡೆಂಗಿಗೆ ತೀರಿಹೋಗಿತ್ತು, ನಮ್ಮ ಲೈನಿನ ಸೂಪರ್‌ವೈಸರ್ ನರಸಯ್ಯನವರಿಗೆ ಫೋನ್ ಹಚ್ಚಿ ಸಾ ಅಂದೆ, ಏನಮ್ಮ ಭಾನುಪ್ರಿಯ, ಇನ್ನೂ ಬಸ್ ಹತ್ತಿಲ್ವಾ, ಶಿಪ್‌ಮೆಂಟ್ ವಾರ ಕಣಮ್ಮ ಅಂದರು, ಆಗ ನನ್ನ ನಾಲಿಗೆಗೆ ಬಂದದ್ದು ಅದೊಂದೇ, ನಮ್ಮತ್ತೆ ತೀರ್ಕೊಂಡ್‌ಬುಟ್ರು ಸಾ — ಮೊದಲಾಗಿದ್ದರೆ ಹೀಗೆ ಹೇಳಿಯೂ ಪ್ರಯೋಜನವಿರಲಿಲ್ಲ, ಮೊದಲು ನಮಗೆ ಸಿಗುತ್ತಿದ್ದದ್ದು ದೀಪಾವಳಿಗೊಂದು ಸ್ವೀಟ್ ಬಾಕ್ಸು, ಆಯುಧಪೂಜೆಗೊಂದು ಸ್ಟೀಲ್ ಡಬ್ಬಿ, ಅಡುಗೆಮನೆ ತುಂಬ ಡಬ್ಬಿಗಳು, ಒಳಗೆ ಹಾಕಲು ಏನೂ ಇಲ್ಲ, ರಜೆ ಕೇಳಿದರೆ ಸತ್ತೋರು ನಿಂಗೇನಾಗ್ಬೇಕು ಅನ್ನೋರು, ಅತ್ತೆ ಅಂದರೆ ಅತ್ತೆ ಲೆಕ್ಕಕ್ಕಿಲ್ಲ, ಹೆತ್ತವರು ಮಾತ್ರ — ಆಮೇಲೆ ಎಚ್‌ಆರ್ ಆಗಿ ಕವನ ಮೇಡಂ ಬಂದರು, ಮಾಗಡಿಯವರು, ಇನ್ನೂ ಚಿಕ್ಕ ವಯಸ್ಸು, ಊಟದ ಹೊತ್ತಿಗೆ ನಮ್ಮ ಬೆಂಚಿನಲ್ಲೇ ಕೂತು ನಮ್ಮ ಡಬ್ಬಿಯ ಉಪ್ಸಾರು ಹಾಕಿಸಿಕೊಂಡು, ನಿಮಗೆ ಏನ್ ಬೇಕು ಹೇಳಿ, ಅಂದವರು, ಅಲ್ಲಿಯವರೆಗೆ ಯಾರೂ ಕೇಳದಿದ್ದ ಮಾತು, ನಮಗೆ ಬಾಯಿ ಬಿಡಲಿಕ್ಕೇ ವಾರ ಹಿಡಿಯಿತು, ಮಕ್ಕಳ ಕೋಣೆಗೆ ಆಯಾ ಒಬ್ಬಳು ಸಾಲದು ಅಂದೆವು, ಇನ್ನೊಬ್ಬಳು ಬಂದಳು, ಆಸ್ಪತ್ರೆ ಕಾರ್ಡಿಗೆ ಅತ್ತೆ ಮಾವನ ಹೆಸರೂ ಸೇರಲಿ ಅಂದೆವು, ಸೇರಿತು, ಮುಟ್ಟಿಗೆ ತಿಂಗಳಿಗೊಂದು ದಿನ ರಜೆಯೂ ಬಂತು — ಅತ್ತೆ ಆವತ್ತು ನನ್ನನ್ನು ಹುಳುಮನೆಗೆ ಬಿಡುವುದಿಲ್ಲ, ಇಲ್ಲಿ ಮೈಲಿಗೆ ಅಂತ, ಅಲ್ಲಿ ಸುಸ್ತು ಅಂತ, ಹೆಂಗೋ ಎರಡೂ ಕಡೆ ಸೇರಿ ನನ್ನ ಸೊಂಟಕ್ಕೆ ಒಸಿ ಪುರುಸೊತ್ತು — ಈ ಯುಗಾದಿಗೆ ಸಾವಿನ ರಜೆ ಬಂತು, ಅತ್ತೆ ಮಾವ ಹೋದರೂ ಐದು ದಿನ, ಸಂಬಳದ ಜೊತೆ, ಇದನ್ನು ಕೊಟ್ರೆ ಊರಿಗೂರೇ ಸಾಯುತ್ತೆ ನೋಡ್ತಿರಿ ಎಂದು ಹೆಡ್ ಆಫೀಸಿನವರು ನಕ್ಕರಂತೆ, ನಮ್ಮೋರು ಹಂಗಲ್ಲ ಸಾರ್ ಎಂದು ಮೇಡಂ ಹಟ ಹಿಡಿದು ತಂದರಂತೆ. ಆ ರಜೆಯನ್ನು ಮೊಟ್ಟಮೊದಲು ಕೇಳಿದವಳು ನಾನು.

ಇದು ಇಲ್ಲ, ಇದು ನಾಳೆಗೆ, ಇದು ಆಗಿದೆ — ಅಷ್ಟಕ್ಕೇ ನಿಂತಿದ್ದರೆ ಹೆಂಗೋ ಆಗುತ್ತಿತ್ತು, ಆದರೆ ನರಸಯ್ಯನವರ ಮನೆಯಲ್ಲೂ ರೇಷ್ಮೆ ಇದೆ, ಅಯ್ಯೋ ಪಾಪ, ಒಳ್ಳೆ ಜೀವ ಕಣಮ್ಮ ಎಂದು ಲೊಚಗುಟ್ಟಿದವರು ಅದೇ ಉಸಿರಿನಲ್ಲಿ ಹುಳ ಹೆಂಗವಮ್ಮ ಅಂದುಬಿಟ್ಟರು, ಹುಳ ಹೆಂಗವೆ ಅಂತ ಕೇಳಿದರೆ ನಮ್ಮ ಕಡೆಯವರ ಬಾಯಿಗೆ ನಿಜ ತಾನಾಗೇ ಬರುತ್ತದೆ, ಹಣ್ಣಾಗ್ತಾವೆ ಸಾ ಅಂದೆ, ಅಂದು ನಾಲಿಗೆ ಕಚ್ಚಿಕೊಂಡೆ, ಆ ಕಡೆ ಅವರು ಅಯ್ಯಯ್ಯೋ, ಎತ್ತೋರ್ಯಾರಮ್ಮ ಅಂದರು, ಸೂತಕದ ಮನೆಯವರು ಹುಳುಮನೆ ಹೊಸ್ತಿಲು ದಾಟುವಂತಿಲ್ಲ, ದಾಟಿದರೆ ಬೆಳೆ ಕೆಡುತ್ತದೆ, ಇದು ಅವರಿಗೂ ಗೊತ್ತು ನನಗೂ ಗೊತ್ತು, ಸುಳ್ಳು ಹೇಳುವಾಗ ಮಾತ್ರ ಮರೆತಿತ್ತು, ಯೋಚ್ನೆ ಮಾಡ್ಬೇಡ ಬುಡಮ್ಮ, ನಾನೇನಾದ್ರೂ ಮಾಡ್ತೀನಿ ಅಂದರು, ಏನು ಮಾಡುತ್ತಾರೆ ಎಂದು ನಾನು ಕೇಳಲಿಲ್ಲ, ಈಗ ತಾನೆ ಯಾಸ್ಮಿನ್ ಫೋನ್ ಮಾಡಿದ್ದಳು, ನನ್ನ ಪಕ್ಕದ ಮಿಷಿನ್ನಿನವಳು, ಕನಕಪುರದವಳು, ಕಂಪನಿಯ ವ್ಯಾನಿನಿಂದಲೇ ಮಾಡಿದ್ದಳು, ಅಳ್ಬೇಡ ಕಣೇ ಭಾನು, ನಾವು ಬತ್ತಾ ಇದ್ದೀವಿ, ಕವನ ಮೇಡಂ ಹಾರ ತಗೊಂಡವ್ರೆ, ಶಿಪ್‌ಮೆಂಟ್ ನಾಳೆ ನೋಡ್ಕೊಳಾಣ ಅಂತ ನಮ್ ಲೈನಿಂದ ಹುಳ ಎತ್ತೋದು ಗೊತ್ತಿರೋ ಹೆಂಗಸ್ರನ್ನೆಲ್ಲ ನರಸಯ್ಯ ಸರ್ ಬ್ಯಾನ್‌ಗೆ ಹತ್ತಿಸಿ ಕಳ್ಸವ್ರೆ, ನೀವು ಯಾರೂ ಒಳಗೆ ಹೋಗ್ಬೇಡಿ, ಎಲ್ಲಾ ನಾವು ನೋಡ್ಕೊತೀವಿ, ಅಂದಳು, ದನಿ ಒಡೆದಿತ್ತು, ನನಗಾಗಿ ಅಳುತ್ತಿದ್ದಳು, ಅವಳ ಅತ್ತೆ ನೂರ್ಜಹಾನಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ, ಇವತ್ತೋ ನಾಳೆಯೋ ಅನ್ನುವ ಹಾಗಿದ್ದಾರೆ, ಆ ರಜೆ ನಿಜಕ್ಕೂ ಬೇಕಾಗಿರುವುದು ಅವಳಿಗೆ, ನನ್ನ ಸುಳ್ಳು ಬಯಲಾದರೆ ಹೆಡ್ ಆಫೀಸಿನವರು ನಾವು ಹೇಳ್ಲಿಲ್ವಾ ಎಂದು ಅದನ್ನು ಕಿತ್ತುಕೊಳ್ಳುತ್ತಾರೆ, ನನ್ನ ಕೆಲಸ ಹೋದರೆ ಹೋಗಲಿ, ಬೇರೆ ಗಾರ್ಮೆಂಟ್ಸ್ ಇಲ್ಲವೇ, ಆದರೆ ಯಾಸ್ಮಿನ್ ಮುಖ ಹೇಗೆ ನೋಡಲಿ — ಅತ್ತೆಯನ್ನು ಕೊನೆ ಮನೆ ಗಿರಿಜಾಂಬಕ್ಕನಲ್ಲಿಗೆ ಕಳಿಸಿಬಿಡಲೇ, ಹುಳು ಬಿಟ್ಟು ಏಳುವ ಹೆಂಗಸಲ್ಲ ಇದು, ಒಳಗೆ ಮಲಗಿಸಿ ಮೇಲೊಂದು ಸೀರೆ ಹೊದಿಸಲೇ, ಥೂ ನನ್ನ ಬಾಯಿಗೆ ಮಣ್ಣು ಹಾಕ, ಬದುಕಿರುವವರಿಗೆ. ಕನಕಪುರ ದಾಟಿದ್ದೀವಿ ಎಂದು ಫೋನಿಗೆ ಮೆಸೇಜು ಬಂತು.

ಯಾಕಮ್ಮಿ, ಯಾಕೆ ಕಣ್ಣಲ್ಲಿ ನೀರು ಹಾಕ್ತಿದ್ದೀಯಾ, ಹುಳದ್ ಮೇಲೆ ಬಿದ್ದಾತು, ಆಚೆ ತಿರುಗ್ಕೊ, ಅಂತಾರೆ ಅತ್ತೆ, ನಾನು ಆಚೆ ತಿರುಗುತ್ತೇನೆ, ಈಚೆ ತಿರುಗುತ್ತೇನೆ, ಕೈ ಮಾತ್ರ ನಿಲ್ಲುವುದಿಲ್ಲ, ಇದು ಆಗಿದೆ, ಇದು ಆಗಿದೆ, ಮದುವೆಯಾಗಿ ಬಂದ ಹೊಸದರಲ್ಲಿ ಈ ತಟ್ಟೆಯ ಮುಂದೆಯೇ ನನ್ನ ಕೈ ಹಿಡಿದು ಕೂರಿಸಿ, ಹಿಂಗೆ ಎತ್ಬೇಕು, ಹಿಸುಕ್ಬಾರ್ದು, ಎಳೆ ಕೂಸಿನ್ ಬೆರ್ಳು ಹಿಡ್ದಂಗೆ, ಎಂದು ಕಲಿಸಿದ್ದರು, ಹೆರಿಗೆಗೆ ತವರಿಗೆ ಕಳಿಸದೆ ತಾವೇ ಬಾಣಂತನ ಮಾಡಿದರು, ದಿನಾ ಜಗಳ ಆಡುತ್ತೇವೆ, ಉಪ್ಪು ಜಾಸ್ತಿ ಅಂತ, ಕಸ ಗುಡಿಸಿಲ್ಲ ಅಂತ, ಇಂಥವರನ್ನು ನಾನು — ಅತ್ತೆ, ನಿಮ್ಗೊಂದು ವಿಷ್ಯ ಹೇಳ್ಬೇಕು, ಅಂದೆ, ಹೇಳು, ಕೈ ಆಡಿಸ್ಕಂಡೇ ಹೇಳು, ಅಂದರು, ಬೆಳಿಗ್ಗೆ ರಜೆ ಇರ್ಲಿಲ್ಲ ಅಂತ ನೀವು ಹೋಗ್ಬುಟ್ರಿ ಅಂತ ಹೇಳ್ಬುಟ್ಟೆ, ಎಲ್ಲಿಗೆ ಹೋದೆ ಅಂತ, ಕೇಳಿದರು, ಸತ್ತೋದ್ರಿ ಅಂತ, ಅಂದೆ. ಅತ್ತೆಯ ಕೈ ನಿಂತಿತು, ಬೆರಳ ತುದಿಯಲ್ಲಿ ಒಂದು ಹುಳು ತಲೆ ಎತ್ತಿ ಅತ್ತ ಇತ್ತ ತೂಗುತ್ತಿತ್ತು, ಅದನ್ನು ಚಂದ್ರಿಕೆಗೆ ಬಿಟ್ಟರು, ಇನ್ನೊಂದು ಎತ್ತಿದರು, ಅದನ್ನೂ ಬಿಟ್ಟರು, ಬೈಯಲಿ, ಎರಡು ಬಿಡಲಿ, ಹೀಗೆ ಸುಮ್ಮನೆ ಮಾತ್ರ ಇರದಿರಲಿ ಅನ್ನಿಸಿತು, ಆಮೇಲೆ ಕೇಳಿದರು, ನಾನ್ ಸತ್ತಿದ್ದಕ್ಕೆ ಎಷ್ಟು ದಿನ ಕೊಟ್ರು. ಐದು ದಿನ ಅತ್ತೆ. ಬರೀ ಐದಾ, ನಮ್ ಎಮ್ಮೆ ಸತ್ತಾಗ ನಿನ್ ಗಂಡ ವಾರ ಕೂತಿದ್ದ, ಅಂದು ಹೊಟ್ಟೆ ಕುಲುಕಿಸಿ ನಗಲು ಶುರು ಮಾಡಿದರು, ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು, ಸಾವಿನ್ ಸುದ್ದಿ ಹಬ್ಬಿದ್ರೆ ಆಯುಸ್ಸು ಹೆಚ್ತದಂತೆ, ಇನ್ನೂ ಹತ್ತೊರ್ಸ ಗೋಳು ಹುಯ್ಕೊತೀನಿ ನಿನ್ನ, ಅಂದರು, ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡುತ್ತಾ ಕೇಳಿದರು, ಅಲ್ಲಾ ಕಣಮ್ಮಿ, ಹುಳ ಹಣ್ಣಾಗವೆ, ರಜ ಕೊಡಿ, ಅಂತ ಕೇಳಿದ್ಯಾ ನೀನು ಒಂದ್ ದಿನಾನಾದ್ರೂ. ಕೇಳಿಲ್ಲ, ನಾನೂ ಕೇಳಿಲ್ಲ, ಯಾರೂ ಕೇಳಿಲ್ಲ, ಲೈನಿನಲ್ಲಿ ಅರ್ಧ ಜನರ ಮನೆಯಲ್ಲಿ ಹುಳು ಇದೆ, ಬೆಳೆ ಬಂದಾಗಲೆಲ್ಲ ಒಬ್ಬರಿಗೆ ವಾಂತಿ, ಒಬ್ಬರಿಗೆ ಭೇದಿ, ಒಬ್ಬರ ಅಪ್ಪ ಎರಡನೇ ಸಲ ಸಾಯುತ್ತಾನೆ, ಯಾರೊಬ್ಬರೂ ಹುಳು ಅನ್ನಲಿಲ್ಲ, ಏನ್ ಬೇಕು ಹೇಳಿ ಎಂದು ಮೇಡಂ ಎದುರಿಗೇ ಕೂತು ಕೇಳಿದಾಗಲೂ ಅನ್ನಲಿಲ್ಲ, ಇದನ್ನು ಕೇಳಬಹುದು ಅಂತಲೇ ತೋಚಲಿಲ್ಲ. ಆಚೆ ವ್ಯಾನಿನ ಹಾರ್ನು ಕೇಳಿಸಿತು.

ಅತ್ತೆ ನನಗಿಂತ ಮುಂಚೆ ಎದ್ದು ಹೊರಟರು, ಬೇಡ ಅತ್ತೆ ಅಂದೆ, ಕೇಳಲಿಲ್ಲ, ವ್ಯಾನಿನಿಂದ ಹೆಂಗಸರು ತಲೆ ಮೇಲೆ ಸೆರಗು ಹೊದ್ದು ಇಳಿಯುತ್ತಿದ್ದಾರೆ, ಯಾಸ್ಮಿನ್ ಮೂಗು ಒರೆಸಿಕೊಳ್ಳುತ್ತಿದ್ದಾಳೆ, ಕವನ ಮೇಡಂ ಎರಡೂ ಕೈಯಲ್ಲಿ ಸೇವಂತಿಗೆ ಹಾರ ಹಿಡಿದುಕೊಂಡಿದ್ದಾರೆ, ಬಾಗಿಲಲ್ಲಿ ಸಿದ್ದಮ್ಮ, ಬರ್ರವ್ವಾ, ಬಿಸ್ಲಲ್ಲಿ ಬಂದಿದ್ದೀರಿ, ನಾನೇ ಸತ್ತೋಳು, ಅಂದರು, ಯಾಸ್ಮಿನ್ ಯಾ ಅಲ್ಲಾ ಎಂದು ಅಲ್ಲೇ ಜಗಲಿ ಮೇಲೆ ಕುಸಿದಳು, ಹೆಂಗಸರಲ್ಲಿ ಯಾರೋ ನಕ್ಕರು, ಯಾರೋ ಅವರ ಬಾಯಿ ಮುಚ್ಚಿಸಿದರು, ಮೇಡಂ ನಗಲಿಲ್ಲ, ಮೇಡಂ ಮುಖ ಬಿಳಿಚಿಕೊಂಡಿತ್ತು, ನನ್ನನ್ನೇ ನೋಡುತ್ತಿದ್ದರು, ಭಾನು, ನಮ್ಮೋರು ಹಂಗಲ್ಲ ಅಂತ ನಾನು ಅಷ್ಟು ಜನರ ಮುಂದೆ ಹೇಳಿ ಬಂದಿದ್ದೆ, ಅಂದರು, ಇಷ್ಟೇ ಅಂದದ್ದು, ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ, ತಪ್ಪಾಯ್ತು ಮೇಡಂ, ನನ್ನ ತೆಗೆದಾಕಿ, ಆ ರಜೆ ಮಾತ್ರ ತೆಗೀಬೇಡಿ, ಯಾಸ್ಮಿನ್‌ಗೆ ಬೇಕಾಗ್ತದೆ, ಅಂದೆ, ಯಾಸ್ಮಿನ್ ತಲೆ ತಗ್ಗಿಸಿದಳು, ಆಗ ಅತ್ತೆ, ಪಂಚಾಯ್ತಿ ಆಮೇಲ್ ಮಾಡಿ, ಹುಳ ಕಾಯಾಕಿಲ್ಲ, ಸೂತಕ ಇಲ್ದಿದ್ಮೇಲೆ ಎಲ್ರೂ ಬರ್ಬೋದು, ಚಪ್ಲಿ ಬುಟ್ಟು ಕೈ ತೊಳ್ಕಂಡ್ ಬನ್ನಿ, ಅಂದು ಮೇಡಂ ಕೈಯಿಂದ ಹಾರ ಇಸಿದುಕೊಂಡರು, ಹೂವಿನ್ ಗಮಲು ಹುಳಕ್ಕೆ ಆಗಾಕಿಲ್ಲ, ನಮ್ ಯಜಮಾನ್ರಿಗೆ ಹಾಕ್ತೀನಿ, ಅವ್ರು ಹೂವ ಕಂಡು ಬಾಳ ದಿನ ಆಗಿತ್ತು, ಎಂದು ಮಾವನ ಫೋಟೊ ಕಡೆ ನಡೆದರು, ಹೆಂಗಸರು ಒಬ್ಬೊಬ್ಬರಾಗಿ ಕೈ ತೊಳೆದು ಒಳಗೆ ಬಂದರು, ಸೆರಗು ಬಿಗಿದು ತಟ್ಟೆಗಳ ಮುಂದೆ ಕೂತರು, ಯಾರಿಗೂ ಹೇಳಿಕೊಡಬೇಕಾಗಲಿಲ್ಲ, ಎಲ್ಲರೂ ಮನೆಯಲ್ಲಿ ಮಾಡುವ ಕೆಲಸವೇ, ಯಾಸ್ಮಿನ್ ನನ್ನ ಪಕ್ಕ ಕೂತು ಮೊಣಕೈಯಿಂದ ಪಕ್ಕೆಗೊಂದು ತಿವಿದಳು, ನನ್ ಕಣ್ಣೀರೆಲ್ಲ ದಂಡ ಮಾಡ್ಸಿದೆ ಕಣೇ ಪಾಪಿ, ಅಂದಳು, ನನಗೆ ಆಗ ಉಸಿರು ಬಂತು.

ಮೇಡಂ ಕೊನೆಗೆ ಬಂದರು, ಕಾಲು ಮಡಚಿ ನನ್ನೆದುರು ಕೂತರು, ಒಂದು ಹುಳು ಎತ್ತಿ ಅವರ ಅಂಗೈಗೆ ಬಿಟ್ಟೆ, ಬೆಚ್ಚಿಬಿದ್ದರು, ಆದರೆ ಕೈ ಕೊಡವಲಿಲ್ಲ, ತಣ್ಣಗಿದೆ ಅಂದರು, ಸುತ್ತಲೂ ನೋಡಿದರು, ನೀವೂ ಬೆಳೀತೀರಾ, ನೀವೂನಾ, ಹೆಂಗಸರು ಹೂಂ ಹೂಂ ಅಂದರು, ವರ್ಷಕ್ಕೆ ಎಷ್ಟು ಸಲ ಬರುತ್ತೆ ಇದು, ಎಷ್ಟು ದಿನ ಬೇಕು, ಮೊದಲೇ ಗೊತ್ತಾಗುತ್ತಾ, ಒಂದಾದ ಮೇಲೊಂದು ಕೇಳಿದರು, ಎರಡು ದಿನ ಸಾಕು ಮೇಡಂ, ವಾರ ಮುಂಚೆ ಅಂದಾಜು ಹೇಳ್ಬೋದು, ಒಂದಿನ ಆಚೆ ಈಚೆ ಆಗ್ತದೆ ಅಷ್ಟೆ, ಅಂದಳು ಯಾಸ್ಮಿನ್, ಒಬ್ಬೊಬ್ರ ಮನೇದು ಒಂದೊಂದ್ ಸಲ, ಲೈನ್ ನಿಲ್ಲಾಕಿಲ್ಲ, ಅಂದರು ಇನ್ನೊಬ್ಬರು, ಮೇಡಂ ತಲೆ ಆಡಿಸಿದರು, ಇವತ್ತಿನ ಸಂಬಳ ಸಿಗಲ್ಲ ಭಾನು, ಮೆಮೊ ಕೊಡ್ತೀನಿ, ಅದು ಬಿಡಕ್ಕಾಗಲ್ಲ, ಅಂದರು, ಸಾವಿನ ರಜೆ ಇರುತ್ತೆ, ಅದನ್ನ ಇನ್ನೂ ಯಾರೂ ತಗೊಂಡಿಲ್ಲವಲ್ಲ, ಅಂದರು, ಯಾಸ್ಮಿನ್ ಕೈ ನನ್ನ ತೊಡೆಯ ಮೇಲೆ ಬಂತು, ಆಮೇಲೆ ಮೇಡಂ ಬೆಂಚಿನ ಮೇಲೆ ಕೇಳಿದ ಹಾಗೇ, ಅದೇ ದನಿಯಲ್ಲಿ, ಈಗ ನಿಜ ಹೇಳಿ, ನಿಮಗೆ ಏನ್ ಬೇಕು — ಇಷ್ಟೂ ಜನ ಕೈ ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದಾರೆ, ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ಈ ನಾಲಿಗೆ ಬೆಳಿಗ್ಗೆ ಸುಳ್ಳಿಗೆ ಎಷ್ಟು ಸಲೀಸಾಗಿ ಹೊರಳಿತ್ತು, ಹುಳ ಹಣ್ಣಾದ್ ದಿನ ರಜೆ ಬೇಕು ಮೇಡಂ, ಅಂದೆ, ಅಂದೇಬಿಟ್ಟೆ, ನಮ್ಗೆಲ್ಲಾರ್ಗೂ — ಹೆಡ್ ಆಫೀಸಿನಲ್ಲಿ ನಗ್ತಾರೆ, ಅಂದರು ಮೇಡಂ, ನಗಲಿ, ಕೇಳ್ತೀನಿ, ಅಂದರು, ನೀವೂ ನನ್ನ ಜೊತೆ ಬಂದು ಕೇಳ್ಬೇಕು ಭಾನು, ಅಂದರು, ನಾನು ಹೂಂ ಅನ್ನಬೇಕು, ಅವರ ಅಂಗೈಯನ್ನೇ ನೋಡುತ್ತಿದ್ದೇನೆ, ಅಲ್ಲಿ ಹುಳು ತಲೆ ಎತ್ತಿದೆ, ಬೆಳಕು ಮೈಯೊಳಗಿಂದ ಹಾಯುತ್ತಿದೆ, ಅತ್ತ ತೂಗುತ್ತದೆ, ಇತ್ತ ತೂಗುತ್ತದೆ, ಮೇಡಂ ಉಸಿರು ಹಿಡಿದಿದ್ದಾರೆ, ಹೆಬ್ಬೆರಳಿಗೆ ತಲೆ ತಾಗಿಸಿತು, ಹಿಂದಕ್ಕೆ ಬಂತು, ನಡುವೆ ಒಂದು ಎಳೆ, ಕಂಡೂ ಕಾಣದಷ್ಟು ಸಣ್ಣದು, ಅಂಟಿದೆ, ಹೂಂ ಮೇಡಂ, ಬತ್ತೀನಿ, ಅಂದೆ, ಅದು ಮತ್ತೆ ತಲೆ ಎತ್ತಿದೆ, ತಲೆ ಎತ್ತಿದೆ