ಎಡಗಡೆಯ ಜಡೆ

ನನ್ನ ಮಗಳು ಹಾರಿಕಾ ಎಳೆಗೂಸಾಗಿದ್ದಾಗ ಜ್ವರ ಏರಿ ಕಣ್ಣು ತೇಲಿಸಿದಳು. ಆಗ ನನ್ನ ಭಾವ ಬಜಾರಪ್ಪ ಮನೆದೇವರಿಗೆ ಮಾತು ಕೊಟ್ಟಿದ್ದ: "ಕೂಸು ಉಳೀಲಿ, ದೊಡ್ಡಾಕಿ ಆದ ಮ್ಯಾಲೆ ಮುಡಿ ಪೂರಾ ನಿನಗ." ಹೆತ್ತ ನನ್ನನ್ನು ಕೇಳಿರಲಿಲ್ಲ. ಹರಕೆಯ ಕೂದಲಿಗೆ ಮೊದಲ ಕತ್ತರಿ ಗುಡಿಯ ಮುಂದೆಯೇ ತಾಗಬೇಕು.

ಸೋಮವಾರ ಗುಡಿಗೆ ಹೊರಡುವುದೆಂದು ಭಾವ ಗೊತ್ತುಮಾಡಿದ. ಮರುದಿನ ಮಂಗಳವಾರವೇ ಆಲೂರಿನಲ್ಲಿ ಶಾಲೆಗಳ ಗಣಿತ ಪ್ರದರ್ಶನವಿತ್ತು. ಅಲ್ಲಿ ತೋರಿಸಲು ಹಾರಿಕಾಗೆ ಜಡೆ ಹೆಣೆದ ತನ್ನ ತಲೆಯೇ ಚಾರ್ಟು. ಒಂದೇ ಹೆಣಿಗೆ ಅಳತೆ ಕೆಡದೆ ಕೆಳಗಿಳಿದರೆ ಟ್ರಾನ್ಸ್‌ಲೇಷನ್, ನೆತ್ತಿಯ ಸುತ್ತ ತಿರುಗಿದರೆ ರೊಟೇಷನ್. ಬೈತಲೆಯ ಬಲಕ್ಕಿದ್ದದ್ದು ಎಡಕ್ಕೆ ಮಗುಚಿ ಬಂದರೆ ರಿಫ್ಲೆಕ್ಷನ್.

ಭಾನುವಾರ ಕಟ್ಟೆಯ ಮೇಲೆ ಕೂತು ಪ್ರದರ್ಶನದ ಜಡೆಯನ್ನು ಒಮ್ಮೆ ಹೆಣೆದು ನೋಡುತ್ತಿದ್ದೆ.

"ಅವ್ವಾ, ಬಲಕ್ಕ ಮ್ಯಾಲಿಂದ ತಗೊಂಡೀ, ಎಡಕ್ಕ ಯಾಕ ಕೆಳಗಿಂದ? ಬಿಚ್ಚು."

ಕುರಿ ಉಣ್ಣೆ ಕತ್ತರಿಸುತ್ತಿದ್ದ ಭಾವ ಕತ್ತರಿ ಹಿಡಿದೇ ಬಂದ. "ಏನ್ ಕೂಸೇ, ತಲಿ ಮ್ಯಾಲೆ ಹಗ್ಗ ಹೊಸೀತೀ? ನಾಳೆ ಹೊರಡಾದೈತಿ."

"ಎಗ್ಜಿಬಿಷನ್ ಮುಗಿಸಿ ಬರ್ತೀನಿ ದೊಡ್ಡಪ್ಪ. ದೇವ್ರಿಗೇನು ಬಸ್ ತಪ್ಪತೈತಾ?"

"ದೇವ್ರ ಮಾತು ಅದು!"

"ಮಾತು ಕೊಟ್ಟಾಂವ ನೀನು. ನಿನ್ನ ಮೀಸಿ ಕೊಡು."

ನನಗೆ ನಗು ಬಂತು. ಅಷ್ಟೇ ಸಾಕಾಯಿತು. ನನ್ನನ್ನು ಒದ್ದು ಬೀಳಿಸಿದ. ಜಡೆ ಹಿಡಿದು ಅವಳನ್ನು ಅಂಗಳಕ್ಕೆ ಎಳೆದ. ಕಲ್ಲಿಗೆ ಉಜ್ಜಿ ಅವಳ ಮೊಣಕಾಲಿನ ಚರ್ಮ ಕಿತ್ತುಬಂತು. ನಾನು ಅವನ ಬೆನ್ನು ಹತ್ತಿ ಹೆಗಲು ಕಚ್ಚಿದೆ. ಮೊಣಕೈಯಿಂದ ಬಾಯಿಗೆ ಗುದ್ದಿದ, ತುಟಿ ಸೀಳಿತು. ಕತ್ತರಿ ಕರಕ್ಕೆಂದಿತು. ಎಡಗಡೆಯ ಜಡೆ ಬುಡದಿಂದ ಬಿತ್ತು, ಜೊತೆಗೆ ಕಿವಿಯ ಚೂರು. ಹಾರಿಕಾ ಚೀರಿದ್ದು ಓಣಿಗೆಲ್ಲ ಕೇಳಿತು.

"ಬಿಡೋ!" ಎಂದು ಗೋಡೆಗೊರಗಿದ್ದ ಒನಕೆ ಎತ್ತಿ ಬೀಸಿದೆ. ಅವನ ಮಣಿಕಟ್ಟಿನ ಎಲುಬು ಮುರಿದದ್ದು ನನ್ನ ಅಂಗೈಗೂ ತಿಳಿಯಿತು. ಇನ್ನೊಮ್ಮೆ ಹೊಡೆದೆ.

ಒಳಗಿನಿಂದ ಬಂದ ಅತ್ತೆ ಪಕೀರಮ್ಮ ಮೊಮ್ಮಗಳ ಕಿವಿಗೆ ಸೆರಗು ಒತ್ತಿ, ನೆಲದ ಮೇಲಿನ ಜಡೆ ನೋಡಿದಳು.

"ಮನ್ಯಾಗ ಕತ್ತರಿಸಿದಿ. ಅದೂ ಕುರಿ ಕತ್ತರೀಲೆ. ರಗತ ಹತ್ತೈತಿ. ಈ ಮೈಲಿಗಿ ದೇವ್ರ ಮುಂದ ಇಡ್ತೀ ಏನೋ?"

ಅವನು ಮುರಿದ ಕೈ ಹಿಡಿದು ಜಡೆಯನ್ನೇ ನೋಡುತ್ತ ಕೂತ.

ಮಂಗಳವಾರ ಹಾರಿಕಾ ಹಟ ಹಿಡಿದು ಬಲಗಡೆಯನ್ನಷ್ಟೇ ಹೆಣೆಸಿಕೊಂಡು, ಎಡಕ್ಕೆ ಬ್ಯಾಂಡೇಜಿನೊಂದಿಗೆ ಆಲೂರಿನಲ್ಲಿ ನಿಂತಳು. ರಿಫ್ಲೆಕ್ಷನ್ ಎಲ್ಲಿ ಎಂದು ಕೇಳಿದವರಿಗೆ, "ಕತ್ತರಿಸ್ಯಾರ" ಎಂದಳು.

ಗುಡಿಗೆ ಯಾರೂ ಹೋಗಲಿಲ್ಲ. ಬಜಾರಪ್ಪ ದೇವರಿಗೆ ಕೊಟ್ಟ ಮಾತು ಮುರಿಯಿತು.