ಸುಣ್ಣ ಕುಡಿದ ಕಾರು

ಕೈಲಾಂಚದ ಕನಕರಾಜುವಿಗೆ ಹೆಂಡತಿಗಿಂತ ಕಾರೇ ಹೆಚ್ಚು ಎಂದು ಊರವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು! ಶಿವಲಕ್ಷ್ಮಿಯ ಮುಖವನ್ನು ಅವನು ದಿನಾ ಬೆಳಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದ್ದನ್ನು ಯಾರೂ ಕಂಡಿಲ್ಲ. ಹೋಲಿಕೆಯೇ ಇಲ್ಲದ ಮೇಲೆ ಹೆಚ್ಚು ಕಡಿಮೆ ಎಲ್ಲಿಂದ ಬಂತು?

ಅಂಥಾ ಕಾರು ರಾಮನಗರದಲ್ಲಿ ಹೊಗೆ ತಪಾಸಣೆಯಲ್ಲಿ ಫೇಲಾಯಿತು. ಕನಕರಾಜು ಮೊದಲು ತಪಾಸಣೆಯ ಮಿಷನ್ನನ್ನು ಬೈದ, ಆಮೇಲೆ ಪೆಟ್ರೋಲನ್ನು, ಕೊನೆಗೆ ಪಕ್ಕದ ಮನೆ ಮುನಿಯಮ್ಮನ ಕಣ್ಣನ್ನು. ನಿಂಬೆಹಣ್ಣು ನಿವಾಳಿಸಿ ಚಕ್ರದಡಿ ಇಟ್ಟು ಹತ್ತಿಸಿದ. ಮತ್ತೆ ಹೋದರೆ ಹೊಗೆ ಮೊದಲಿಗಿಂತ ಕಪ್ಪು. ನಿಂಬೆಹಣ್ಣು ತಾನೇ ಏನು ಮಾಡೀತು, ಪಾಪ!

"ಇನ್ನೊಂದ್ಸಲ ನೋಡಿ. ಆಗ್ನಿಲ್ಲ ಅಂದ್ರೆ ಗುಜರಿಗೆ ಕೊಟ್ಬುಡಿ," ಎಂದಳು ಶಿವಲಕ್ಷ್ಮಿ. "ಹೊಗೆ ಚೀಟಿ ಇಲ್ದೆ ಆರ್‌ಸಿ ರಿನ್ಯೂವಲ್ ಆಗಾಕಿಲ್ವಂತೆ."

ಗುಜರಿ ಎಂಬ ಮಾತು ಕೇಳಿ ಕನಕರಾಜುವಿಗೆ ಊಟವೇ ಸೇರಲಿಲ್ಲ. ಅವತ್ತು ಎರಡೇ ಮುದ್ದೆ ಉಂಡು ಎದ್ದ.

ಅವರದು ರೇಷ್ಮೆ ಸಾಕುವ ಮನೆತನ. ಹುಳದ ಮನೆ ಎಂದರೆ ಕನಕರಾಜುವಿಗೆ ದೇವರ ಮನೆ. ಅದರ ಬಾಗಿಲಲ್ಲಿ ಬೀಡಿ ಹಚ್ಚಿದ ಸ್ವಂತ ಸೋದರಮಾವನನ್ನೇ ಅಟ್ಟಿದ ಮಹಾನುಭಾವ. ಒಂದು ಬೆಳೆಯ ಹುಳ ಗೂಡಾಗಿ ಹೋದ ಮೇಲೆ, ಮುಂದಿನ ಬೆಳೆಗೆ ರೋಗ ತಾಗದಿರಲೆಂದು ಶಿವಲಕ್ಷ್ಮಿ ಅಲ್ಲಿ ನೆಲ ಗೋಡೆಗೆಲ್ಲ ಸುಣ್ಣದ ಪುಡಿ ಎರಚುತ್ತಿದ್ದಳು. ಅದೇ ಬಿಡುವಿನಲ್ಲಿ ಈತ ಕಾರನ್ನು ಒಳಗೆ ತಂದು ನಿಲ್ಲಿಸುತ್ತಿದ್ದ. ಹೊರಗಿನ ಹುಣಸೆಮರದ ಕಾಗೆಗಳಿಗೆ ಕಾರಿನ ಬೆಲೆ ಗೊತ್ತಿಲ್ಲವಲ್ಲ! ಸುಣ್ಣ ಕೂರದಿರಲೆಂದು ಹೆಂಡತಿಯ ಒಳ್ಳೆಯ ಸೀರೆಯನ್ನೇ ಹೊದಿಸುತ್ತಿದ್ದ. ಬ್ಯಾಟರಿ ಇಳಿಯಬಾರದೆಂದು ದಿನಾ ಅಲ್ಲೇ ಸ್ಟಾರ್ಟ್ ಮಾಡಿ ಬುರ್ ಅನ್ನಿಸುತ್ತಿದ್ದ.

ಮೂರನೇ ಸಲ ಹೊರಡುವ ಮುಂಚೆ ಕನಕರಾಜು ಅಂಗಳದಲ್ಲಿ ಬಾನೆಟ್ ಎತ್ತಿ, ಎಲ್ಲಾ ತಿಳಿದವನ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಶಿವಲಕ್ಷ್ಮಿಯೂ ಇಣುಕಿದಳು.

"ಆ ದುಂಡನೆ ಡಬ್ಬಿ ಏನು?"

"ಇಂಜಿನ್ನು ಉಸಿರಾಡೋದು ಅದ್ರಲ್ಲೇ ಕಣಮ್ಮಿ. ನಿಂಗೆ ಅರ್ಥ ಆಗಾಕಿಲ್ಲ."

"ಒಸಿ ಬಿಚ್ಚಿ."

ಬಿಚ್ಚಿದ. ಫಿಲ್ಟರಿನಿಂದ ಬೆಳ್ಳಗೆ ಪುಡಿ ಸುರಿಯಿತು. ಶಿವಲಕ್ಷ್ಮಿ ಬೆರಳಲ್ಲಿ ಉಜ್ಜಿ ಮೂಸಿದಳು.

"ಅಯ್ಯೋ ನಿಮ್ಮ! ಇದು ನಾನು ಎರಚಿದ್ ಸುಣ್ಣ! ಮೈಗೆ ಸೀರೆ ಹೊದ್ಸುದ್ರಿ, ಮೂಗು ಮುಚ್ನಿಲ್ಲ. ದಿನಾ ಬುರ್ ಅನ್ನಿಸ್ದಂಗೆಲ್ಲಾ ಕುಡ್ದೈತೆ."

"ನಂಗೊತ್ತಿತ್ತು," ಎಂದ ಕನಕರಾಜು. "ನಿಂಗೆ ಗೊತ್ತಾಯ್ತದಾ ಅಂತ ನೋಡ್ತಿದ್ದೆ."

ಹೊಸ ಫಿಲ್ಟರ್ ಹಾಕಿಸಿದ, ಕಾರ್ಬುರೇಟರ್ ತೊಳೆಸಿದ. ಕಾರು ಪಾಸಾಯಿತು! ಜೊತೆಗೆ ಬಂದಿದ್ದ ಶಿವಲಕ್ಷ್ಮಿ ಚೀಟಿಯನ್ನು ತಾನೇ ಇಸಕೊಂಡು ಪರ್ಸಿನಲ್ಲಿಟ್ಟಳು. ಬೆನ್ನು ಹತ್ತಿ ಆರ್‌ಸಿ ರಿನ್ಯೂವಲ್ಲೂ ಮಾಡಿಸಿದಳು. ಇಷ್ಟು ವರ್ಷಕ್ಕೆ ಇವಳಿಗೂ ಕಾರಿನ ಮೇಲೆ ಪ್ರೀತಿ ಹುಟ್ಟಿತಲ್ಲ ಎಂದು ಕನಕರಾಜು ಕರಗಿಹೋದ. ಬರುವಾಗ ಅವಳಿಗೆ ಒಂದು ಮೊಳ ಮಲ್ಲಿಗೆ ಕೊಡಿಸಿದ. ಕಾರಿಗೆ ಎರಡು ಮೊಳ.

ಮುಂದಿನ ಭಾನುವಾರ ಶಿವಲಕ್ಷ್ಮಿಯ ತಮ್ಮ ಅಂಕಯ್ಯ ಮಾಗಡಿಯಿಂದ ಬಸ್ಸಲ್ಲಿ ಬಂದಿಳಿದ.

"ಭಾವ, ಗಾಡಿ ರೆಡಿ ಆಯ್ತಂತೆ? ಅಕ್ಕ ರೇಟೆಲ್ಲಾ ಮಾತಾಡೈತೆ. ಕೀ ಕೊಡಿ."

ಕನಕರಾಜು ಹೆಂಡತಿಯ ಮುಖ ನೋಡಿದ.

"ಫೇಲಾದ್ ಗಾಡೀನ ಗುಜರಿಯೋನು ಬುಟ್ರೆ ಯಾರು ತಗತಾರೆ?" ಎಂದಳು ಅವಳು, ಬಲು ಸಮಾಧಾನವಾಗಿ. "ಈಗ ಮರ್ವಾದೆಯಾಗಿ ಹೋಯ್ತದೆ. ಹುಳದ ಮನೆ ಹುಳಕ್ಕೆ ಆಯ್ತದೆ."

"ನನ್ ಕಾರು ಮಾರಾಕೆ ನೀನ್ಯಾರು?" ಕನಕರಾಜು ಕಿರುಚಿದ.

ಶಿವಲಕ್ಷ್ಮಿ ಆರ್‌ಸಿ ಮುಂದೆ ಹಿಡಿದಳು. ಓದುವ ಅಗತ್ಯವೇ ಇರಲಿಲ್ಲ. ಕೊಳ್ಳುವಾಗ ಜ್ಯೋತಿಷಿ, ನಿನ್ನ ಜಾತಕದಲ್ಲಿ ವಾಹನಯೋಗವಿಲ್ಲ ಎಂದಿದ್ದರು. ಗ್ರಹಗಳಿಗೇ ಟೋಪಿ ಹಾಕಿದೆನೆಂದು ಬೀಗುತ್ತ ಅವಳ ಹೆಸರಿಗೆ ಬರೆಸಿದ್ದವನು ಅವನೇ.

ಕಾರು ಮಾಗಡಿಯ ದಾರಿ ಹಿಡಿಯಿತು. ಕನಕರಾಜುವಿನ ಕಣ್ಣಲ್ಲಿ ನೀರು ತುಂಬಿತು. ಹೊಗೆಗೆ ಕಣ್ಣುರಿ ಎಂದು ನೆಪ ಹೇಳೋಣವೆಂದರೆ, ಹಾಳಾದ್ದು, ಹೊಗೆಯೇ ಇರಲಿಲ್ಲ.